ಕುಕ್ಕರಿಗೂ ಪೊಂಗಲ್ ಮಡಕೆಗೂ ಬಾಕ್ಸಿಂಗ್!

ಮಕ್ಕಳೇ, ಅಡುಗೆಮನೆಯ ಪಾತ್ರೆಗಳು ಬಾಕ್ಸಿಂಗ್ ಆಡುವುದನ್ನು ನೀವು ನೋಡಿದ್ದೀರಾ? ನಾನು ನೋಡಿದೆ, ಕಾಲೇಜಿಗೆ ಹೋಗುವ ನನ್ನ ಮಗ ಬರೆದ ಚಿತ್ರದಲ್ಲಿ! ಒಂದು ಮೂಲೆಯಲ್ಲಿ ಬಿಸಿಬೇಳೆಬಾತಿನ ಕುಕ್ಕರ್ ಕೆಂಪು ಗ್ಲೌಸ್ ತೊಟ್ಟು ಕೂಗುತ್ತಿದೆ. ಎದುರು ಮೂಲೆಯಲ್ಲಿ ಪೊಂಗಲ್ ಮಡಕೆ, ಕೊರಳಿಗೆ ಅರಿಶಿನದ ಗಿಡ ಕಟ್ಟಿಕೊಂಡು ಉಕ್ಕುತ್ತಿದೆ. ರೆಫರಿ ಒಂಟಿಕಣ್ಣಿನ ಕಾಫಿ ಲೋಟ. ಸುತ್ತ ಕುಳಿತು ಕೇಕೆ ಹಾಕುವವರೆಲ್ಲ ಇಡ್ಲಿಗಳು! ಬಣ್ಣವೋ, ಹಳೆಯ ಸಿನಿಮಾ ಬ್ಯಾನರಿನಂತೆ ಕಣ್ಣು ಕುಕ್ಕುತ್ತದೆ.

"ಅನ್ನದ ಪಾತ್ರೆಗೆ ಇಂಥ ಅವಮಾನ ಮಾಡ್ತಾರೇನೋ?" ಎಂದು ಗದರಿದೆ. ಅವನು ಮಾತಾಡದೆ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟ. ಒಂದು ವಾರ ಅದು ಹಾಗೇ ಇತ್ತು. ಕಸ ಗುಡಿಸುವಾಗಲೆಲ್ಲ ನನಗೇ ಇರಿಸುಮುರಿಸು. ಕೊನೆಗೆ ಕೇಳಿದೆ, "ಬಾಕ್ಸಿಂಗೇ ಯಾಕೋ?"

"ಅಮ್ಮಾ, ನಾವಿರೋದು ಚೆನ್ನೈನಲ್ಲಿ!" ಎಂದ. ಉತ್ತರ ಚೆನ್ನೈನಲ್ಲಿ ಬಾಕ್ಸಿಂಗ್ ಎಂದರೆ ಮನೆಮಾತು. ಅಲ್ಲಿನ ಪರಂಪರೆಗಳ ಕಥೆಯೇ 2021ರ 'ಸಾರ್ಪಟ್ಟ ಪರಂಬರೈ' ಸಿನಿಮಾ. 1980ರಲ್ಲಿ ಮುಹಮ್ಮದ್ ಅಲಿಯವರೇ ಇಲ್ಲಿಗೆ ಬಂದು ನೆಹರೂ ಸ್ಟೇಡಿಯಂನಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ್ದರು.

ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಪಾಪ್ ಆರ್ಟ್ ಕಲಿಸಿದವನು ಮಗನೇ. ಅಮೆರಿಕದ ಆಂಡಿ ವಾರ್ಹಾಲ್ 1962ರಲ್ಲಿ ಅಂಗಡಿಯ ಸೂಪ್ ಡಬ್ಬಿಗಳನ್ನೇ 32 ಚಿತ್ರಗಳಾಗಿ ಬರೆದರಂತೆ. 1977ರಲ್ಲಿ ಅಲಿಯವರ ಚಿತ್ರವನ್ನೂ ಮಾಡಿದರು. ಆಮೇಲೆ ತರುಣ ಕಲಾವಿದ ಬಾಸ್ಕಿಯಾ ಜೊತೆ ಸೇರಿ ಒಂದೇ ಕ್ಯಾನ್ವಾಸಿನಲ್ಲಿ ಚಿತ್ರ ಬರೆದರು. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಬಣ್ಣ ಬಳಿಯುವುದು! 1985ರಲ್ಲಿ ನ್ಯೂಯಾರ್ಕಿನಲ್ಲಿ ಆ ಚಿತ್ರಗಳ ಪ್ರದರ್ಶನ ನಡೆದಾಗ, ಪೋಸ್ಟರಿನಲ್ಲಿ ಇಬ್ಬರೂ ಬಾಕ್ಸಿಂಗ್ ಗ್ಲೌಸ್ ತೊಟ್ಟು ನಿಂತಿದ್ದರು. ವಿಮರ್ಶಕರು ಕಟುವಾಗಿ ಬರೆದರು, ಗೆಳೆತನವೂ ತಣ್ಣಗಾಯಿತು. ಅದೇ ಚಿತ್ರಗಳನ್ನು 2023ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡದಾಗಿ ಪ್ರದರ್ಶಿಸಿದರು.

"ಸರಿ, ನಿನ್ನ ಚಿತ್ರದಲ್ಲಿ ಗೆಲ್ಲೋದು ಯಾರು?"

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೊತ್ತಿಲ್ಲಮ್ಮ. ಇಲ್ಲಿ ನಾನು ಕನ್ನಡದವನು, ಮೈಸೂರಿಗೆ ಹೋದರೆ ಮದ್ರಾಸಿನವನು. 2016ರಲ್ಲಿ ಕಾವೇರಿ ಗಲಾಟೆ ಆದಾಗ ಎರಡೂ ಊರಲ್ಲಿ ನನ್ನನ್ನು ಕೇಳಿದ್ದು ಒಂದೇ, ನೀನು ಯಾವ ಕಡೆ ಅಂತ. ಆಗ ಅಳು ಬಂದಿತ್ತು. ಈಗ ನಗೋಣ ಅಂತ ಬರೆದೆ."

ನನ್ನ ಗಂಟಲು ಕಟ್ಟಿತು. ಮನೆಯಲ್ಲೇ ಇದ್ದ ನನಗೆ ಒಂಬತ್ತು ವರ್ಷದಿಂದ ಇದು ತಿಳಿದಿರಲಿಲ್ಲ! ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಎಳ್ಳುಬೆಲ್ಲವೂ ಉಂಟು, ಪೊಂಗಲ್ಲೂ ಉಂಟು, ಒಂದೇ ಒಲೆ. ಆದರೂ 'ನಮ್ಮದು', 'ಅವರದು' ಎಂದು ದಿನಾ ಹೇಳುತ್ತಿದ್ದವಳು ನಾನೇ ಅಲ್ಲವೇ?

ಮಕ್ಕಳೇ, ನಿಮಗೂ ಯಾರಾದರೂ ಆ ಪ್ರಶ್ನೆ ಕೇಳಿರಬಹುದು. ನೀವು ಬರೆದದ್ದನ್ನು ನೋಡಿ ನಮ್ಮಂಥ ಅಮ್ಮಂದಿರು ಗದರಿದರೆ, ದಯವಿಟ್ಟು ಗೋಡೆಯ ಕಡೆ ತಿರುಗಿಸಿಡಬೇಡಿ. ಒಂದು ಸಲ ಕೂರಿಸಿಕೊಂಡು ಹೇಳಿ. ನಮಗೆ ತಿಳಿಯುವುದು ನಿಧಾನ, ಅಷ್ಟೆ.

ಆ ಚಿತ್ರ ಈಗ ನಮ್ಮ ಊಟದ ಮೇಜಿನ ಮೇಲಿನ ಗೋಡೆಯಲ್ಲಿದೆ. ಒಳಗೆ ಕುಕ್ಕರ್ ಕೂಗಿದಾಗಲೆಲ್ಲ ಮಗ ಕೇಳುತ್ತಾನೆ, "ಅಮ್ಮಾ, ಎಷ್ಟನೇ ರೌಂಡು?"