ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ನಾರ್ಮಲ್, ಆದರೆ ಮೂಳೆ?

ಮಗುವಿನ ರಕ್ತಪರೀಕ್ಷೆಯ ರಿಪೋರ್ಟ್ ಬಂದಾಗ ಕ್ಯಾಲ್ಸಿಯಂ ಎದುರು 'ನಾರ್ಮಲ್' ಎಂದಿದ್ದರೆ, "ಸದ್ಯ, ಮೂಳೆಗೇನೂ ತೊಂದರೆ ಇಲ್ಲ" ಎಂದು ನಾವು ನಿರಾಳವಾಗುತ್ತೇವೆ. ನಿಜ ಹೇಳಬೇಕೆಂದರೆ, ಆ ಒಂದು ಸಂಖ್ಯೆ ಮೂಳೆಯ ಬಗ್ಗೆ ಹೇಳುವುದು ಬಹಳ ಕಡಿಮೆ. ಅದು ಯಾಕೆ ಎಂದು ಅರ್ಥವಾದರೆ, ಬಿಸಿಲು ಕಡಿಮೆ ಇರುವ ದೇಶಗಳಲ್ಲಿ ಮಕ್ಕಳನ್ನು ಬೆಳೆಸುವ ನಾವು ಏನು ಮಾಡಬೇಕು ಎಂಬುದೂ ಅರ್ಥವಾಗುತ್ತದೆ.

ಕಣಜ ಮತ್ತು ಅಡುಗೆಮನೆ

ದೊಡ್ಡವರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇ. 99ರಷ್ಟು ಮೂಳೆ ಮತ್ತು ಹಲ್ಲುಗಳಲ್ಲಿದೆ. ಉಳಿದ ಶೇ. 1 ರಕ್ತದಲ್ಲಿ, ಸ್ನಾಯುಗಳಲ್ಲಿ, ಬೇರೆ ಬೇರೆ ಜೀವಕೋಶಗಳಲ್ಲಿದೆ. ಹೃದಯ ಬಡಿಯಲು, ನರಗಳು ಸಂದೇಶ ಸಾಗಿಸಲು, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಈ ಚೂರೇ ಬೇಕು. ಹಾಗಾಗಿ ಏನೇ ಆದರೂ ರಕ್ತದ ಕ್ಯಾಲ್ಸಿಯಂ ಏರುಪೇರಾಗದಂತೆ ದೇಹ ನೋಡಿಕೊಳ್ಳುತ್ತದೆ. ನೂರು ಮಿಲಿಲೀಟರ್‌ಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ, ಅಷ್ಟೇ ಅದರ ಮಿತಿ.

ಈ ಲೆಕ್ಕ ನೋಡಿಕೊಳ್ಳುವುದು ಕತ್ತಿನಲ್ಲಿ, ಥೈರಾಯ್ಡ್ ಗ್ರಂಥಿಯ ಹಿಂಬದಿಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಒಂದೊಂದೂ ಅಕ್ಕಿಕಾಳಿನಷ್ಟು. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಅವು ಒಂದು ಹಾರ್ಮೋನ್ ಬಿಡುಗಡೆ ಮಾಡುತ್ತವೆ. ಅದು ಮೂರು ಕೆಲಸ ಮಾಡಿಸುತ್ತದೆ: ಮೂಳೆಯಿಂದ ಕ್ಯಾಲ್ಸಿಯಂ ಹೊರತೆಗೆಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ಮೂತ್ರಪಿಂಡದಲ್ಲಿ ತಡೆಯುತ್ತದೆ, ವಿಟಮಿನ್ ಡಿಯನ್ನು ಚುರುಕುಗೊಳಿಸಿ ಕರುಳು ಊಟದಿಂದ ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ರಕ್ತದ ಮಟ್ಟ ಸರಿಹೋದಾಗ ಹಾರ್ಮೋನೂ ತಗ್ಗುತ್ತದೆ.

ಅಂದರೆ ಮೂಳೆ ಮನೆಯ ಕಣಜ, ರಕ್ತ ಅಡುಗೆಮನೆ. ಹೊಲದಿಂದ ಬರುವುದು ನಿಂತರೂ ಕಣಜದಿಂದ ತೆಗೆದು ಅಡುಗೆ ನಡೆಯುತ್ತಲೇ ಇರುತ್ತದೆ. ಅಡುಗೆಮನೆ ಮಾತ್ರ ನೋಡಿದವರಿಗೆ ಕಣಜ ಬರಿದಾಗುತ್ತಿರುವುದು ಕಾಣುವುದಿಲ್ಲ. ಅದಕ್ಕೇ ಅನುಮಾನವಿದ್ದಾಗ ವೈದ್ಯರು ಕ್ಯಾಲ್ಸಿಯಂ ಜೊತೆಗೆ ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನ್, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಗಳನ್ನೂ ಬರೆದುಕೊಡುತ್ತಾರೆ.

ನಮ್ಮ ಚರ್ಮ, ಇಲ್ಲಿನ ಬಿಸಿಲು

ವಿಟಮಿನ್ ಡಿ ಸಾಲದಿದ್ದರೆ ಊಟದಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇ. 10–15ರಷ್ಟನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ, ಸಾಕಷ್ಟಿದ್ದರೆ ಶೇ. 30–40. ಈ ವಿಟಮಿನ್ ತಯಾರಾಗಲು ಬಿಸಿಲಿನ ನೇರಳಾತೀತ ಬಿ ಕಿರಣ ಚರ್ಮಕ್ಕೆ ತಾಗಬೇಕು. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಬಾಸ್ಟನ್ 42ರಲ್ಲಿ, ಲಂಡನ್ 51ರಲ್ಲಿ. ಬಾಸ್ಟನ್‌ನಲ್ಲಿ ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಿಸಿಲಿದ್ದರೂ ಚರ್ಮದಲ್ಲಿ ವಿಟಮಿನ್ ಡಿ ತಯಾರಾಗುವುದಿಲ್ಲ ಎಂದು 1988ರ ಅಧ್ಯಯನವೊಂದು ತೋರಿಸಿತು. ಗಾಜಿನ ಕಿಟಕಿ ಈ ಕಿರಣಗಳನ್ನು ತಡೆಯುತ್ತದೆ. ನಮ್ಮ ಕಂದುಬಣ್ಣದ ಚರ್ಮಕ್ಕೆ ಅಷ್ಟೇ ವಿಟಮಿನ್ ತಯಾರಿಸಲು ಬಿಳಿ ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು. ಕೊಲ್ಲಿ ದೇಶಗಳಲ್ಲಿ ಬಿಸಿಲಿಗೆ ಬರವಿಲ್ಲ, ಆದರೆ ಸೆಕೆಗೆ ಮಕ್ಕಳು ಎಸಿ ಬಿಟ್ಟು ಹೊರಬರುವುದೇ ಅಪರೂಪ.

ಇದು ಬರೀ ಪುಸ್ತಕದ ಮಾತಲ್ಲ. 1960ರ ದಶಕದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಭಾರತ, ಪಾಕಿಸ್ತಾನಗಳಿಂದ ಹೋದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್ ಕಾಣಿಸಿಕೊಂಡಿತು. ಮೂಳೆ ಮೆದುವಾಗಿ ಕಾಲು ಬಾಗುವ ರೋಗವದು. ಕೊನೆಗೆ ವಿಟಮಿನ್ ಡಿಯನ್ನು ಉಚಿತವಾಗಿ ಹಂಚುವ ಅಭಿಯಾನವೇ ನಡೆಯಿತು.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ವಿಟಮಿನ್ ಡಿ. ಅಮೆರಿಕದ ಶಿಫಾರಸಿನಂತೆ ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ 400 ಯೂನಿಟ್, ನಂತರ 600. ಬ್ರಿಟನ್ನಿನಲ್ಲಿ 1ರಿಂದ 4 ವರ್ಷದ ಮಕ್ಕಳಿಗೆ ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ಕೊಡಲು ಹೇಳುತ್ತಾರೆ; ನಂತರವೂ ದಕ್ಷಿಣ ಏಷ್ಯಾ ಮೂಲದವರು ವರ್ಷಪೂರ್ತಿ ಮುಂದುವರಿಸುವ ಬಗ್ಗೆ ಯೋಚಿಸಿ ಎನ್ನುತ್ತಾರೆ. 10 ಮೈಕ್ರೋಗ್ರಾಂ ಎಂದರೆ 400 ಯೂನಿಟ್. ಬಾಟಲಿಯ ಮೇಲೆ ಯಾವ ಲೆಕ್ಕವಿದೆ ನೋಡಿಕೊಳ್ಳಿ. ಊರಿನಿಂದ ತಂದ 60,000 ಯೂನಿಟ್‌ನ ಪುಡಿ ಪೊಟ್ಟಣವನ್ನು ವೈದ್ಯರನ್ನು ಕೇಳದೆ ಮಕ್ಕಳಿಗೆ ಕೊಡಲೇಬೇಡಿ. ವಿಟಮಿನ್ ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ.

ಇನ್ನು ಊಟ. ಅಮೆರಿಕದ ಲೆಕ್ಕದಲ್ಲಿ 4ರಿಂದ 8 ವರ್ಷದವರಿಗೆ ದಿನಕ್ಕೆ 1,000 ಮಿಲಿಗ್ರಾಂ, 9ರಿಂದ 18ರವರಿಗೆ 1,300 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಧಾನ್ಯಗಳಲ್ಲಿ ಅದರ ಸಮ ಬೇರೊಂದಿಲ್ಲ. ಆದರೆ ಒಂದು ಲೋಟ ಮಾಲ್ಟಿಗೆ ಎರಡು ಚಮಚ ಹಿಟ್ಟು ಹಾಕಿದರೆ ಸಿಗುವುದು 70ರ ಆಸುಪಾಸು. ಅದನ್ನೇ ಹಾಲಿನಲ್ಲಿ ಮಾಡಿದರೆ ಲೋಟಕ್ಕೆ ಇನ್ನೂ 300ರಷ್ಟು ಸೇರುತ್ತದೆ. ರಾಗಿಯ ಫೈಟೇಟ್ ಕ್ಯಾಲ್ಸಿಯಂಗೆ ಅಡ್ಡಿ ಮಾಡುತ್ತದೆ; ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಅದು ಕಡಿಮೆಯಾಗುತ್ತದೆ. ಮೊಳಕೆ ರಾಗಿಯ ಹಿಟ್ಟು, ಹುಳಿ ಬಂದ ಅಂಬಲಿ ಎರಡೂ ಇದಕ್ಕೆ ಒಳ್ಳೆಯವು. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಆಕ್ಸಲೇಟ್ ಅದನ್ನು ಕಟ್ಟಿಹಾಕುವುದರಿಂದ ದೇಹಕ್ಕೆ ದಕ್ಕುವುದು ತೀರಾ ಕಡಿಮೆ. ಬಾದಾಮಿ, ಓಟ್ಸ್ ಹಾಲು ಕುಡಿಯುವ ಮನೆಗಳಲ್ಲಿ ಕ್ಯಾಲ್ಸಿಯಂ ಸೇರಿಸಿದ್ದನ್ನೇ ಕೊಳ್ಳಿ.

ಮೂರನೆಯದು ಆಟ. ಭಾರ ಬಿದ್ದಷ್ಟೂ ಮೂಳೆ ಗಟ್ಟಿಯಾಗುತ್ತದೆ. ಓಟ, ಹಗ್ಗದಾಟ, ಕುಂಟೆಬಿಲ್ಲೆ ಎಲ್ಲವೂ ಸರಿಯೇ. ದೇಹದ ಮೂಳೆ ಸಂಪತ್ತಿನ ಸುಮಾರು ಶೇ. 90ರಷ್ಟು 18–20ರ ವಯಸ್ಸಿನೊಳಗೆ ಜಮೆಯಾಗುತ್ತದೆ. ಕಣಜ ತುಂಬುವ ಕಾಲ ಇದೇ.

ಕಾಲು ಬಾಗುತ್ತಿದ್ದರೆ, ಮಣಿಕಟ್ಟು ದಪ್ಪಗಾಗಿದ್ದರೆ, ಕಾಲು ನೋವೆಂದು ಮತ್ತೆ ಮತ್ತೆ ಹೇಳುತ್ತಿದ್ದರೆ, ನಡೆಯುವುದು ಅಥವಾ ಹಲ್ಲು ಬರುವುದು ತಡವಾದರೆ ವೈದ್ಯರಿಗೆ ತೋರಿಸಿ. ಪುಟ್ಟ ಮಗುವಿಗೆ ಫಿಟ್ಸ್ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಇದನ್ನೆಲ್ಲ ಮಕ್ಕಳಿಗೆ ಕನ್ನಡದಲ್ಲೇ ಹೇಳಬಹುದು. ಅಜ್ಜಿಯರು 'ಸುಣ್ಣದಂಶ' ಎನ್ನುತ್ತಾರಲ್ಲ, ಕ್ಯಾಲ್ಸಿಯಂ ಎಂಬ ಹೆಸರೂ ಸುಣ್ಣಕ್ಕಿರುವ ಲ್ಯಾಟಿನ್ ಪದದಿಂದಲೇ ಬಂದದ್ದು. ಎರಡು ಭಾಷೆಯೂ ಹೇಳುತ್ತಿರುವುದು ಒಂದೇ ಮಾತು ಎಂದು ಗೊತ್ತಾದರೆ ಮಕ್ಕಳಿಗೆ ಖುಷಿಯೋ ಖುಷಿ. ಕಣಜ ಎಂದರೇನು ಎಂದು ಕೇಳಿದರೆ, ಅದನ್ನು ಹೇಳಲು ಅಜ್ಜಿಗೇ ಒಂದು ವಿಡಿಯೋ ಕಾಲ್ ಮಾಡಿಕೊಡಿ.