ಮೇಜಿನ ಮೇಲೆ ನ್ಯಾನೊ ವಿಜ್ಞಾನ

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದಾಗ ಸಿಗುವ ಒಂದು ಪಾಲು ನ್ಯಾನೊಮೀಟರ್. ಆ ಅಳತೆಯಲ್ಲಿ ವಸ್ತುಗಳ ಗುಣಗಳು ಬದಲಾಗಬಲ್ಲವಾದರೂ ಅದು ಕಣ್ಣಿಗೆ ಕಾಣದ ಲೋಕವಾದ್ದರಿಂದ ಜನಸಾಮಾನ್ಯರಿಗೆ ಮನಗಾಣಿಸುವುದು ಕಷ್ಟ. ಈ ಹೊಣೆಯನ್ನು ಶಾಲೆಗಳಿಗಷ್ಟೇ ಬಿಡದೆ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ನೆರವಿನಿಂದ 2005ರಲ್ಲಿ ಬಾಸ್ಟನ್, ಮಿನ್ನೆಸೋಟ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ವಿಜ್ಞಾನ ಸಂಗ್ರಹಾಲಯಗಳು ‘ನೈಸ್ ನೆಟ್’ ಎಂಬ ಜಾಲವನ್ನು ಕಟ್ಟಿದವು. ಪರೀಕ್ಷೆ, ಅಂಕಗಳ ಹಂಗಿಲ್ಲದೆ ಜನ ತಮ್ಮ ಕುತೂಹಲದಿಂದಲೇ ಕಲಿಯುವ ಅನೌಪಚಾರಿಕ ಶಿಕ್ಷಣವೇ ಅದರ ದಾರಿಯಾಗಿತ್ತು.

2008ರಲ್ಲಿ ಆರಂಭವಾದ ‘ನ್ಯಾನೊಡೇಸ್’ ಉತ್ಸವಕ್ಕಾಗಿ ಜಾಲವು ದೇಶದ ಹಲವೆಡೆಗೆ ಸಿದ್ಧ ಪ್ರಯೋಗಗಳ ಪೆಟ್ಟಿಗೆಗಳನ್ನು ಕಳುಹಿಸಿತು. ಅವುಗಳಲ್ಲಿನ ಒಂದು ಪ್ರಯೋಗ ನಿಜಕ್ಕೂ ಸೊಗಸಾದದ್ದು: ಸಾಮಾನ್ಯ ಕಪ್ಪನ್ನು ಬಗ್ಗಿಸಿದರೆ ನೀರು ಸುರಿಯುತ್ತದೆ, ಆದರೆ ಬೊಂಬೆಮನೆಯ ಪುಟಾಣಿ ಕಪ್ಪಿಗೆ ನೀರು ತುಂಬಿ ತಲೆಕೆಳಗು ಮಾಡಿದರೂ ಹನಿ ಬೀಳುವುದಿಲ್ಲ. ನೀರಿನ ಕಣಗಳು ಪರಸ್ಪರ ಸೆಳೆದುಕೊಳ್ಳುವುದರಿಂದ ಉಂಟಾಗುವ ಮೇಲ್ಮೈ ಎಳೆತವು ಅಷ್ಟು ಸಣ್ಣ ಗಾತ್ರದಲ್ಲಿ ಗುರುತ್ವವನ್ನೂ ಮೀರಿಸುತ್ತದೆ. ಕಪ್ಪು ನ್ಯಾನೊ ಗಾತ್ರದ್ದಲ್ಲ, ನಿಜ. ಆದರೂ ಗಾತ್ರ ಕುಗ್ಗಿದಂತೆ ಬೇರೆ ಬಲಗಳು ಮೇಲುಗೈ ಪಡೆಯುತ್ತವೆ ಎಂಬ ಮೂಲತತ್ತ್ವ ಮಗುವಿಗೂ ತನ್ನ ಕೈಯಲ್ಲೇ ತಿಳಿದುಬಿಡುತ್ತದೆ.

ಅಚ್ಚರಿ ಹುಟ್ಟಿಸುವುದಕ್ಕಷ್ಟೇ ನಿಲ್ಲದೆ, ತಂತ್ರಜ್ಞಾನದ ಲಾಭನಷ್ಟಗಳ ಚರ್ಚೆಗೂ ಜಾಲವು ಜನರನ್ನು ಕರೆದದ್ದು ಇನ್ನೂ ಮಹತ್ವದ್ದು. ದುರ್ವಾಸನೆ ತಡೆಯಲೆಂದು ಕಾಲುಚೀಲಗಳಿಗೆ ಸೇರಿಸುವ ಬೆಳ್ಳಿಯ ನ್ಯಾನೊಕಣಗಳು ಒಗೆತದಲ್ಲಿ ಕಳಚಿ ನೀರಿಗೆ ಸೇರಬಲ್ಲವು. ಅಂಥ ವಸ್ತು ಬೇಕೇ ಎಂಬುದನ್ನು ವಿಜ್ಞಾನಿಯಷ್ಟೇ ಅಲ್ಲ, ಅದನ್ನು ಕೊಳ್ಳುವವರೂ ಯೋಚಿಸಬೇಕಾಗುತ್ತದೆ.