ಅಂಕಿಗಳು ನಮ್ಮವಾ, ಚೀನಾದವಾ? ಸಿಂಗಾಪುರದ ಪ್ರೊಫೆಸರ್ ಎತ್ತಿದ ಪ್ರಶ್ನೆ

ಸೌದಿಯಲ್ಲಿರುವ ಮಿತ್ರರಿಗೆ ಇದು ಹೊಸದಲ್ಲ. ಗಾಡಿಯ ನಂಬರ್ ಪ್ಲೇಟ್‌ನಲ್ಲಿ ನಾವು ಬರೆಯುವ ಅಂಕಿಯ ಜೊತೆ ಅರಬ್ಬಿ ಅಂಕಿಯೂ ಇರುತ್ತೆ. ಅದರಲ್ಲಿ ಸೊನ್ನೆ ಅಂದ್ರೆ ಬರೀ ಚುಕ್ಕಿ, ಐದು ಅಂದ್ರೆ ನಮ್ಮ ಸೊನ್ನೆ ಥರ ಗುಂಡಗೆ. ಹೊಸದಾಗಿ ಹೋದವರು ಮೊದಲ ತಿಂಗಳು ಇದರಲ್ಲೇ ತಡವರಿಸುತ್ತಾರೆ. ಅರಬ್ಬರು ಆ ಅಂಕಿಗಳನ್ನು ಕರೆಯುವುದು ‘ಅರ್ಕಾಮ್ ಹಿಂದಿಯಾ’, ಅಂದರೆ ಭಾರತದ ಅಂಕಿಗಳು ಅಂತ. ನಮಗೂ ಶಾಲೆಯಲ್ಲಿ ಕಲಿಸಿದ್ದು ಅದನ್ನೇ.

ಆದರೆ ಈ ಮಾತನ್ನು ಒಪ್ಪದ ವಿದ್ವಾಂಸರೊಬ್ಬರು ನಾನಿರುವ ಸಿಂಗಾಪುರದಲ್ಲೇ ಪಾಠ ಮಾಡಿದವರು. ಹೆಸರು ಲಾಮ್ ಲೇ ಯೋಂಗ್. ಇಲ್ಲಿ ಬುಕಿತ್ ಪಂಜಾಂಗ್‌ನಿಂದ ಡೌನ್‌ಟೌನ್ ಲೈನ್ ಹತ್ತಿ ಸಿಟಿ ಕಡೆ ಹೋದರೆ ‘ತಾನ್ ಕಾ ಕೀ’ ಅಂತ ಒಂದು ಸ್ಟೇಷನ್ ಸಿಗುತ್ತೆ. ರಬ್ಬರ್ ವ್ಯಾಪಾರದಲ್ಲಿ ದುಡಿದದ್ದನ್ನು ಶಾಲೆ-ಕಾಲೇಜುಗಳಿಗೆ ಸುರಿದ ಆ ತಾನ್ ಕಾ ಕೀ ಅವರ ಮೊಮ್ಮಗಳು ಈಕೆ.

ಹುಟ್ಟಿದ್ದು 1936ರಲ್ಲಿ. ಕೇಂಬ್ರಿಡ್ಜ್‌ನಲ್ಲೂ ಓದಿ, 1966ರಲ್ಲಿ ಸಿಂಗಾಪುರ ಯೂನಿವರ್ಸಿಟಿಯಿಂದ ಪಿಎಚ್‌ಡಿ ಪಡೆದು, ಅಲ್ಲೇ ಪಾಠಕ್ಕೆ ನಿಂತರು. 1988ರಲ್ಲಿ ಪೂರ್ಣ ಪ್ರೊಫೆಸರ್, 1996ರಲ್ಲಿ ನಿವೃತ್ತಿ. ಕೆಲಸವೆಲ್ಲ ಒಂದೇ ಹೊಲದಲ್ಲಿ: ಚೀನಾದ ಹಳೆಯ ಗಣಿತ. 13ನೇ ಶತಮಾನದ ಯಾಂಗ್ ಹುಯಿ ಬಗ್ಗೆ 1977ರಲ್ಲಿ ಒಂದು ದೊಡ್ಡ ಪುಸ್ತಕ. ಆಮೇಲೆ 1992ರಲ್ಲಿ ಆಂಗ್ ಟಿಯಾನ್ ಸೆ ಜೊತೆ ಬರೆದ ‘ಫ್ಲೀಟಿಂಗ್ ಫುಟ್‌ಸ್ಟೆಪ್ಸ್’. ಗಲಾಟೆ ಇರುವುದು ಈ ಎರಡನೆಯದರಲ್ಲಿ.

ಹಳೆಯ ಚೀನಾದಲ್ಲಿ ಲೆಕ್ಕವನ್ನು ಕಡ್ಡಿ ಜೋಡಿಸಿ ಮಾಡುತ್ತಿದ್ದರು. ಬಿಡಿ ಸ್ಥಾನದಲ್ಲಿ ಕಡ್ಡಿ ಉದ್ದಕ್ಕೆ, ಹತ್ತರಲ್ಲಿ ಅಡ್ಡಕ್ಕೆ, ನೂರರಲ್ಲಿ ಮತ್ತೆ ಉದ್ದಕ್ಕೆ. 302 ಅಂದರೆ ಮೂರು ಕಡ್ಡಿ, ಒಂದು ಖಾಲಿ ಜಾಗ, ಎರಡು ಕಡ್ಡಿ. ನೋಡಿ, ಸೊನ್ನೆಯ ಗುರುತು ಇಲ್ಲ, ಆದರೆ ಸ್ಥಾನದ ಬೆಲೆ ಪೂರ್ತಿ ಇದೆ. ಸುಮಾರು ನಾಲ್ಕು-ಐದನೇ ಶತಮಾನದ ‘ಸುನ್ ತ್ಸು’ ಗಣಿತ ಗ್ರಂಥದಲ್ಲಿ ಈ ಕಡ್ಡಿಗಳಿಂದ ಗುಣಾಕಾರ, ಭಾಗಾಕಾರ ಮಾಡುವ ಕ್ರಮ ಇದೆ. 9ನೇ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ, ಆಮೇಲೆ ಪರ್ಷಿಯಾದ ಕುಶ್ಯಾರ್ ಬರೆದ ಕ್ರಮವನ್ನು ಲಾಮ್ ಇದರ ಪಕ್ಕ ಇಟ್ಟರು. ಹೆಜ್ಜೆಗೆ ಹೆಜ್ಜೆ ತಾಳೆ. ಇಷ್ಟು ಹೊಂದಾಣಿಕೆ ಆಕಸ್ಮಿಕ ಅಲ್ಲ, ಆದ್ದರಿಂದ ಈ ಅಂಕಿ ಪದ್ಧತಿಯ ಬೇರು ಚೀನಾದ ಕಡ್ಡಿಗಳು ಅನ್ನೋದು ಅವರ ವಾದ.

ನಾನು ಲೆಕ್ಕಪತ್ರದ ಮನುಷ್ಯ. ಎರಡು ಕಂಪನಿಯ ಪುಸ್ತಕದಲ್ಲಿ ಎಂಟ್ರಿಗಳು ಒಂದೇ ಕ್ರಮದಲ್ಲಿ ಕಂಡರೆ ನನಗೂ ಅನುಮಾನ ಬರುತ್ತೆ. ಆದರೆ ಅನುಮಾನ ವೋಚರ್ ಅಲ್ಲ. ಚೀನಾದಿಂದ ಆ ವಿದ್ಯೆ ಯಾವ ದಾರಿಯಲ್ಲಿ ಬಂತು ಅನ್ನೋ ವೋಚರ್ ಇಲ್ಲಿಲ್ಲ. ಈ ಕಡೆಗೆ ಕಾಗದ ಇದೆ: ಸಿರಿಯಾದ ಸೆವೆರಸ್ ಸೆಬೊಖ್ತ್ 662ರಲ್ಲೇ ಭಾರತೀಯರು ಒಂಬತ್ತು ಗುರುತುಗಳಲ್ಲಿ ಲೆಕ್ಕ ಮಾಡುವುದನ್ನು ಹೊಗಳಿದ್ದಾನೆ, ಅಲ್ ಖ್ವಾರಿಜ್ಮಿಯೂ ಇದನ್ನು ಭಾರತದ ಲೆಕ್ಕ ಅಂತಲೇ ಕರೆದ. ಹಾಗಾಗಿ ಹೆಚ್ಚಿನ ಇತಿಹಾಸಕಾರರು ಲಾಮ್ ತೀರ್ಮಾನವನ್ನು ಒಪ್ಪಿಲ್ಲ.

ಹಾಗಂತ ಅವರದ್ದು ಗಾಳಿಮಾತೂ ಅಲ್ಲ. ಇಸವಿಯನ್ನು ಸೊನ್ನೆ ಸಮೇತ ಅಂಕಿಯಲ್ಲಿ ಕೆತ್ತಿದ ತುಂಬಾ ಹಳೆಯ ಕಲ್ಲುಗಳು ಸಿಕ್ಕಿದ್ದು ನಮ್ಮ ಈ ಕಡೆ: ಕಾಂಬೋಡಿಯಾದಲ್ಲಿ ಶಕ 605, ಅಂದರೆ ಕ್ರಿ.ಶ. 683. ಸಿಂಗಾಪುರದಿಂದ ಸಮುದ್ರ ದಾಟಿದರೆ ಸಿಗುವ ಸುಮಾತ್ರಾದ ಪಾಲೆಂಬಾಂಗ್‌ನಲ್ಲಿ ಶಕ 606. ಹೌದು, ಯುಗಾದಿ ಪಂಚಾಂಗದಲ್ಲಿ ನಾವು ನೋಡುವ ಅದೇ ಶಾಲಿವಾಹನ ಶಕ! ಗ್ವಾಲಿಯರ್‌ನ ಪ್ರಸಿದ್ಧ ಸೊನ್ನೆ 876ರದ್ದು. ಚೀನಾದ ವಿಜ್ಞಾನದ ಇತಿಹಾಸ ಬರೆದ ಜೋಸೆಫ್ ನೀಡಮ್ ಕೂಡ, ಭಾರತ ಮತ್ತು ಚೀನಾ ಸಂಸ್ಕೃತಿ ಸೇರುವ ಈ ಗಡಿಯಲ್ಲೇ ಸೊನ್ನೆ ಹುಟ್ಟಿರಬಹುದು ಅಂತ ಊಹಿಸಿದ್ದ.

ಒಪ್ಪದ ವಾದ ಮಾಡಿದವರ ಪ್ರಭಾವ ಎಷ್ಟು ಅಂತ ಅಳೆಯೋದು ಹೇಗೆ? ಈಗ ಯೂನಿವರ್ಸಿಟಿಗಳಲ್ಲಿ ‘ಎಚ್-ಇಂಡೆಕ್ಸ್’ ಅಂತ ಒಂದು ಲೆಕ್ಕ ಇದೆ. 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ತಂದದ್ದು. ನಿಮ್ಮ ಹತ್ತು ಪ್ರಬಂಧಗಳನ್ನು ಬೇರೆಯವರು ತಲಾ ಹತ್ತು ಸಲವಾದರೂ ಉಲ್ಲೇಖಿಸಿದ್ದರೆ ನಿಮ್ಮ ಅಂಕ ಹತ್ತು. ಈ ಲೆಡ್ಜರ್‌ಗೆ ಡೆಬಿಟ್-ಕ್ರೆಡಿಟ್ ಇಲ್ಲ. ಹೊಗಳಿದರೂ ಒಂದು, ತಪ್ಪು ಅಂತ ಬರೆದರೂ ಒಂದು. ನಮ್ಮ ವೃತ್ತಿಯಲ್ಲಿ ಇಂಥ ಪುಸ್ತಕಕ್ಕೆ ಯಾರೂ ಸಹಿ ಹಾಕಲ್ಲ. ಆದರೆ ಲಾಮ್ ವಿಷಯದಲ್ಲಿ ಇದು ಅಷ್ಟೊಂದು ಅನ್ಯಾಯವೂ ಅಲ್ಲ ಅನಿಸುತ್ತೆ. ಅಂಕಿಗಳ ಹುಟ್ಟಿನ ಬಗ್ಗೆ ಗಂಭೀರವಾಗಿ ಬರೆಯೋರು ಅವರಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಜೊತೆಗೆ ‘ಸುನ್ ತ್ಸು’ ಗ್ರಂಥದ ಇಂಗ್ಲಿಷ್ ಅನುವಾದ ಅವರ ಪುಸ್ತಕದಲ್ಲೇ ಇದೆ. ವಾದ ಬಿದ್ದುಹೋದರೂ ಆ ಆಸ್ತಿ ಬ್ಯಾಲೆನ್ಸ್ ಶೀಟಿನಲ್ಲಿ ಉಳಿಯುತ್ತೆ.

ಗಣಿತದ ಇತಿಹಾಸಕ್ಕೆ ಕೊಡುವ ಕೆನೆತ್ ಮೇ ಪದಕ ಅವರಿಗೆ 2002ರಲ್ಲಿ ಬೀಜಿಂಗ್‌ನಲ್ಲಿ ಸಿಕ್ಕಿತು. ಏಷ್ಯಾದವರಿಗೆ ಅದೇ ಮೊದಲು.

ಅದೇ ‘ಸುನ್ ತ್ಸು’ ಪುಸ್ತಕದ ಒಂದು ಲೆಕ್ಕವನ್ನು ಈ ವಾರ ವಿಡಿಯೋ ಕಾಲ್‌ನಲ್ಲಿ ಊರಿನ ಮಕ್ಕಳಿಗೆ ಕೇಳಿ. ಒಂದು ಸಂಖ್ಯೆ ಇದೆ. ಮೂರರಿಂದ ಭಾಗಿಸಿದರೆ ಎರಡು ಉಳಿಯುತ್ತೆ, ಐದರಿಂದ ಮೂರು, ಏಳರಿಂದ ಎರಡು. ಉತ್ತರ 23. ಇದೇ ಜಾತಿಯ ಲೆಕ್ಕಕ್ಕೆ ನಮ್ಮ ಆರ್ಯಭಟನೂ ದಾರಿ ತೋರಿಸಿದ್ದಾನೆ, ಅದಕ್ಕೆ ಕುಟ್ಟಕ ಅಂತ ಹೆಸರು.